ಶ್ವಾಸಕೋಶದ ಗಂಟಿಗೆ ಎರಡು ಅಳತೆ

ಸಿಟಿ ಸ್ಕ್ಯಾನ್ ರಿಪೋರ್ಟ್ ಕೈಗೆ ಬಂದ ಕೂಡಲೇ ನಮ್ಮ ಕಡೆ ಎಲ್ಲರ ಬಾಯಲ್ಲೂ ಬರುವುದು ಒಂದೇ ಪ್ರಶ್ನೆ. "ಗಂಟು ಎಷ್ಟ ದೊಡ್ಡದೈತ್ರೀ, ಡಾಕ್ಟರ್ರ?" ಬೆಳಗಾವಿ ಇರಲಿ, ಬಾಗಲಕೋಟೆ ಇರಲಿ, ವಿಜಯಪುರ ಇರಲಿ, ಪ್ರಶ್ನೆ ಬದಲಾಗುವುದಿಲ್ಲ. ಉತ್ತರವಾಗಿ ಒಂದು ಅಂಕಿ ಸಿಗುತ್ತದೆ. 18 ಮಿ.ಮೀ. ಅಂತಲೋ, 2.4 ಸೆಂ.ಮೀ. ಅಂತಲೋ. ರೋಗಿ ಮನೆ ಮುಟ್ಟುವ ಮೊದಲೇ ಆ ಅಂಕಿ ಫೋನಿನಲ್ಲಿ ಬೀಗರ ಮನೆವರೆಗೆ ಹೋಗಿರುತ್ತದೆ.

ಪ್ರಶ್ನೆ ಸರಿಯಾದದ್ದೇ, ಆದರೆ ಅರ್ಧ. ಶ್ವಾಸಕೋಶದ ಕ್ಯಾನ್ಸರುಗಳಲ್ಲಿ ಈಗ ಎಲ್ಲಕ್ಕಿಂತ ಜಾಸ್ತಿ ಕಾಣುವ ಬಗೆ ಅಡಿನೋಕಾರ್ಸಿನೋಮ. ಅದು ಆರಂಭದಲ್ಲೇ ಸಿಕ್ಕಾಗ ಡಾಕ್ಟರುಗಳು ಎರಡು ಅಳತೆ ನೋಡಬೇಕಾಗುತ್ತದೆ. ಒಟ್ಟು ಗಂಟು ಎಷ್ಟು ಅಗಲ ಅನ್ನೋದು ಒಂದು. ಅದರಲ್ಲಿ ಎಷ್ಟು ಭಾಗ ಅಕ್ಕಪಕ್ಕದ ಅಂಗಾಂಶದೊಳಗೆ ನುಗ್ಗಿದೆ ಅನ್ನೋದು ಇನ್ನೊಂದು. ಈ ಬಗೆಯ ಬಹುಪಾಲು ಗಂಟುಗಳಲ್ಲಿ ಸ್ಟೇಜ್, ಅಂದರೆ ರೋಗದ ಹಂತ, ನಿಲ್ಲುವುದು ಎರಡನೆಯ ಅಳತೆಯ ಮೇಲೆ. ಈ ಲೆಕ್ಕ ಜಾರಿಗೆ ಬಂದದ್ದು 2017ರಲ್ಲಿ. ಆದರೂ ಎಷ್ಟೋ ರಿಪೋರ್ಟುಗಳಲ್ಲಿ ಇವತ್ತಿಗೂ ಮೊದಲನೆಯ ಅಂಕಿ ಮಾತ್ರ ಇರುತ್ತದೆ.

ಇಬ್ಬರು ಹೆಂಗಸರು ಅಂತ ಇಟ್ಟುಕೊಳ್ಳಿ. ಒಬ್ಬರು ಜಮಖಂಡಿಯವರು, ಇನ್ನೊಬ್ಬರು ಇಂಡಿ ಊರಿನವರು. ಇಬ್ಬರಿಗೂ ಬಲಗಡೆ ಶ್ವಾಸಕೋಶದ ಮೇಲಿನ ಹಾಲೆಯಲ್ಲಿ (ಲೋಬ್, ಅಂದರೆ ಶ್ವಾಸಕೋಶದ ದೊಡ್ಡ ಭಾಗಗಳಲ್ಲಿ ಒಂದು) 2.4 ಸೆಂ.ಮೀ. ಗಂಟು. ಜಮಖಂಡಿಯವರ ಗಂಟು ಸಿಟಿಯಲ್ಲಿ ಪೂರ್ತಿ ಮಸುಕು, ಮಂಜು ಕವಿದ ಗಾಜಿನಂತೆ ಕಾಣುತ್ತದೆ. ಎಲ್ಲೂ ಗಟ್ಟಿ ಭಾಗ ಇಲ್ಲ. ಅದು ಕ್ಯಾನ್ಸರೇ ಆಗಿದ್ದರೂ ಲೆಕ್ಕದಲ್ಲಿ ಹಂತ ಸೊನ್ನೆ. ಪೂರ್ತಿ ತೆಗೆದುಹಾಕಿದರೆ ಹೆಚ್ಚುಕಡಿಮೆ ನೂರಕ್ಕೆ ನೂರು ಜನ ಗುಣವಾಗುತ್ತಾರೆ. ಇಂಡಿಯವರ ಗಂಟು ಪೂರ್ತಿ ಗಟ್ಟಿ, ಬೆಳ್ಳಗೆ ಕಾಣುತ್ತದೆ. ಬೇರೆಲ್ಲೂ ಹರಡಿಲ್ಲದಿದ್ದರೆ ಅದು ಹಂತ 1ಎ3. ಸ್ಕ್ಯಾನ್ ಆಧಾರದ ಮೇಲೆ ಈ ಹಂತದಲ್ಲಿ ಗುರುತಿಸಿದವರಲ್ಲಿ ಐದು ವರ್ಷ ದಾಟಿದವರು ಶೇ. 77ರಷ್ಟು. ಹಂತ ಗುರುತಿಸುವ ಅಂತರರಾಷ್ಟ್ರೀಯ ಪದ್ಧತಿಯ ಎಂಟನೇ ಆವೃತ್ತಿ ಮಾಡುವಾಗ ಜಗತ್ತಿನ ಹಲವು ದೇಶಗಳಿಂದ ಕಲೆಹಾಕಿದ ಅಂಕಿ ಇದು. ಹೊರಗಿನ ಅಳತೆ ಒಂದೇ, ಒಳಗಿನ ಕಥೆ ಎರಡು.

ಹೀಗೇಕೆ ಅಂತ ತಿಳಿಯಲು ಈ ಕ್ಯಾನ್ಸರ್ ಬೆಳೆಯುವ ರೀತಿ ನೋಡಬೇಕು. ಶ್ವಾಸಕೋಶದ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಗಾಳಿಚೀಲಗಳಿವೆ. ಅವುಗಳ ಒಳಮೈಗೆ ತೆಳುವಾದ ಜೀವಕೋಶಗಳ ಪದರ. ಅಡಿನೋಕಾರ್ಸಿನೋಮ ಎಷ್ಟೋ ಸಲ ಶುರುವಾಗುವುದು ಈ ಪದರದ ಮೇಲೇ ಹಬ್ಬುತ್ತಾ. ವಿಜಯಪುರದ ಹಳೇ ಗೋಡೆಗಳನ್ನು ನೋಡಿದವರಿಗೆ ಇದು ಸಲೀಸಾಗಿ ಅರ್ಥವಾಗುತ್ತದೆ. ಮಳೆಗಾಲದಲ್ಲಿ ಕಲ್ಲಿನ ಮೇಲೆ ಪಾಚಿ ಕಟ್ಟುತ್ತದೆ. ಎಷ್ಟು ಅಗಲಕ್ಕೆ ಹಬ್ಬಿದರೂ ಗೋಡೆಗೆ ಏನೂ ಆಗುವುದಿಲ್ಲ. ಅದೇ ಸಂದಿಯಲ್ಲಿ ಗೇಣುದ್ದದ ಅರಳಿ ಸಸಿ ಬೇರು ಬಿಟ್ಟರೆ ಗೋಡೆ ಸೀಳುತ್ತದೆ. ಪಾಚಿಯ ಹಾಗೆ ಹಬ್ಬುವುದಕ್ಕೆ ಪೆಥಾಲಜಿಯಲ್ಲಿ ಲೆಪಿಡಿಕ್ ಬೆಳವಣಿಗೆ ಅಂತಾರೆ. ಬೇರು ಬಿಡುವುದಕ್ಕೆ ಇನ್ವೇಷನ್.

ಲೆಪಿಡಿಕ್ ಆಗಿ ಹಬ್ಬಿದ ಜಾಗದಲ್ಲಿ ಗಾಳಿಚೀಲ ಹಾಗೇ ಇರುತ್ತದೆ, ಒಳಗೆ ಗಾಳಿಯೂ ಇರುತ್ತದೆ. ಆದ್ದರಿಂದ ಸಿಟಿಯಲ್ಲಿ ಆ ಭಾಗ ಮಸುಕಾಗಿ ಕಾಣುತ್ತದೆ, ಅದರ ಮೂಲಕ ಹಾದುಹೋಗುವ ರಕ್ತನಾಳಗಳೂ ಕಾಣುತ್ತವೆ. ರಿಪೋರ್ಟಿನಲ್ಲಿ ಇದಕ್ಕೆ ಗ್ರೌಂಡ್ ಗ್ಲಾಸ್ ಅಂತ ಬರೆಯುತ್ತಾರೆ. ಕ್ಯಾನ್ಸರ್ ಒಳಗೆ ನುಗ್ಗಿದ ಕಡೆ ಚೀಲ ಮುಚ್ಚಿ, ನಾರಿನ ಅಂಗಾಂಶ ಬೆಳೆದು, ಗಾಳಿ ಇಲ್ಲದಂತಾಗುತ್ತದೆ. ಅಲ್ಲಿ ಬೆಳ್ಳಗೆ ಗಟ್ಟಿಯಾಗಿ ಕಾಣುತ್ತದೆ. ಎರಡೂ ಸೇರಿದ್ದರೆ ಪಾರ್ಟ್ ಸಾಲಿಡ್.

1995ರಲ್ಲಿ ಬಂದ ಎರಡು ಉತ್ತರ

ಈ ವಿಷಯದಲ್ಲಿ ನನಗೆ ತುಂಬ ಕುತೂಹಲ ಹುಟ್ಟಿಸಿದ್ದು 1995. ಆ ಒಂದೇ ವರ್ಷ ಎರಡು ಅಧ್ಯಯನ ಪ್ರಕಟವಾದವು. ಎರಡೂ ಎರಡು ದಿಕ್ಕಿಗೆ ಎಳೆದವು.

ಒಂದು ಅಮೆರಿಕದ ಲಂಗ್ ಕ್ಯಾನ್ಸರ್ ಸ್ಟಡಿ ಗ್ರೂಪ್‌ನದು. ಸಣ್ಣ ಗಂಟಿಗೆ ಇಡೀ ಹಾಲೆ ತೆಗೆಯಬೇಕೋ, ಸಣ್ಣ ತುಂಡು ತೆಗೆದರೆ ಸಾಕೋ ಅಂತ ಅವರು ರೋಗಿಗಳನ್ನು ಎರಡು ಗುಂಪು ಮಾಡಿ ಪರೀಕ್ಷಿಸಿದರು. ಸಣ್ಣ ತುಂಡು ತೆಗೆದವರಲ್ಲಿ ಅದೇ ಜಾಗದಲ್ಲಿ ಕ್ಯಾನ್ಸರ್ ಮರುಕಳಿಸುವುದು ಮೂರು ಪಟ್ಟು ಹೆಚ್ಚಿತ್ತು. ಅಲ್ಲಿಗೆ ತೀರ್ಮಾನ ಆಯಿತು. ಮುಂದಿನ ಕಾಲು ಶತಮಾನ, ಗಂಟು ಎಷ್ಟೇ ಸಣ್ಣದಿರಲಿ, ಹಾಲೆ ತೆಗೆಯುವುದೇ ಶಾಸ್ತ್ರ.

ಇನ್ನೊಂದು ಜಪಾನಿನ ಮಸಾಯುಕಿ ನೊಗುಚಿ ಮತ್ತು ಸಂಗಡಿಗರದು. ಅವರು ಆಪರೇಷನ್ ಮಾಡಿ ತೆಗೆದ 236 ಅಡಿನೋಕಾರ್ಸಿನೋಮಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಎಲ್ಲವೂ 2 ಸೆಂ.ಮೀ. ಅಥವಾ ಅದಕ್ಕಿಂತ ಸಣ್ಣವು. ಅಂದರೆ ಹಳೇ ಲೆಕ್ಕದಲ್ಲಿ ಎಲ್ಲವೂ ಒಂದೇ ಜಾತಿ. ಆದರೆ ಗಾಳಿಚೀಲದ ಗೋಡೆಯ ಮೇಲೆ ಹಬ್ಬಿ, ಒಳಗೆ ನುಗ್ಗದಿದ್ದ ಗಂಟುಗಳ ರೋಗಿಗಳಲ್ಲಿ ಐದು ವರ್ಷ ಬದುಕಿದವರು ನೂರಕ್ಕೆ ನೂರು. ಹಬ್ಬುವುದರ ಜತೆಗೆ ನಡುವೆ ನಾರಿನ ಅಂಗಾಂಶ ಚುರುಕಾಗಿ ಬೆಳೆಯುತ್ತಿದ್ದ ಗುಂಪಿನಲ್ಲಿ ಅದು ಶೇ. 74.8ಕ್ಕೆ ಇಳಿದಿತ್ತು. ಗಾತ್ರ ಒಂದೇ ಇದ್ದರೂ ಹಣೆಬರಹ ಬೇರೆ ಅಂತ ಗಾಜಿನ ತುಂಡುಗಳ ಮೇಲೆ ಕಂಡಿತ್ತು.

ಅಮೆರಿಕದವರ ಅಧ್ಯಯನ ಸುಳ್ಳಾಗಿರಲಿಲ್ಲ. ಅವರ ಕಾಲದ ರೋಗಿಗಳ ಗಂಟು ಸಿಕ್ಕಿದ್ದು ಹೆಚ್ಚಾಗಿ ಎಕ್ಸ್‌ರೇಯಲ್ಲಿ. ಎಕ್ಸ್‌ರೇಯಲ್ಲಿ ಕಾಣುವುದು ಗಟ್ಟಿ ಗಂಟು. ಮಸುಕು ಗಂಟು ಅದಕ್ಕೆ ಸಿಕ್ಕುವುದೇ ಅಪರೂಪ. ತೆಳು ಪದರದ ಸಿಟಿ ಬಂದ ಮೇಲೆ ಹೊಸ ಬಗೆಯ ಗಂಟುಗಳು ಕಣ್ಣಿಗೆ ಬಿದ್ದವು, ಹಳೇ ನಿಯಮ ಅವಕ್ಕೂ ಅನ್ವಯ ಆಗುತ್ತಾ ಬಂತು.

ನೊಗುಚಿ ತೋರಿಸಿದ್ದಕ್ಕೆ ಅಂತರರಾಷ್ಟ್ರೀಯ ಮುದ್ರೆ ಬಿದ್ದದ್ದು 2011ರಲ್ಲಿ. ಬ್ರಾಂಕಿಯೋಲೋಆಲ್ವಿಯೋಲಾರ್ ಕಾರ್ಸಿನೋಮ ಅನ್ನುವ ಹಳೇ ಹೆಸರನ್ನು ಆಗ ಕೈಬಿಟ್ಟರು. ಆ ಒಂದು ಹೆಸರಿನಡಿ ನಿರುಪದ್ರವಿ ಗಂಟೂ ಇತ್ತು, ಪ್ರಾಣ ತೆಗೆಯುವ ಕ್ಯಾನ್ಸರೂ ಇತ್ತು. ಅದರ ಬದಲು ಮೆಟ್ಟಿಲುಗಳನ್ನು ಮಾಡಿದರು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಇವು ಸೇರಿದವು.

ಕೆಳಗಿನ ಮೆಟ್ಟಿಲು ಎಎಎಚ್ (ಅಟಿಪಿಕಲ್ ಅಡಿನೋಮ್ಯಾಟಸ್ ಹೈಪರ್‌ಪ್ಲೇಸಿಯಾ). ಸಾಮಾನ್ಯವಾಗಿ 5 ಮಿ.ಮೀ. ಒಳಗಿನ ಚಿಕ್ಕ ಬದಲಾವಣೆ, ಇನ್ನೂ ಕ್ಯಾನ್ಸರ್ ಅಲ್ಲ. ಅದರ ಮೇಲೆ ಎಐಎಸ್ (ಅಡಿನೋಕಾರ್ಸಿನೋಮ ಇನ್ ಸೈಟು, ಅಂದರೆ ಹುಟ್ಟಿದ ಜಾಗದಲ್ಲೇ ಇರುವುದು). 3 ಸೆಂ.ಮೀ. ಒಳಗಿರಬೇಕು, ಬರೀ ಹಬ್ಬಿರಬೇಕು, ಎಲ್ಲೂ ನುಗ್ಗಿರಬಾರದು. 2021ರ ವಿಶ್ವ ಆರೋಗ್ಯ ಸಂಸ್ಥೆಯ ಆವೃತ್ತಿಯಲ್ಲಿ ಎಐಎಸ್ ಅನ್ನೂ ಎಎಎಚ್ ಜತೆಗೆ ಪೂರ್ವಸ್ಥಿತಿಗಳ ಸಾಲಿಗೇ ಸೇರಿಸಿದ್ದಾರೆ. ಮೂರನೆಯದು ಎಂಐಎ (ಮಿನಿಮಲಿ ಇನ್ವೇಸಿವ್ ಅಡಿನೋಕಾರ್ಸಿನೋಮ, ಅಂದರೆ ತುಸು ಮಾತ್ರ ನುಗ್ಗಿದ್ದು). ಇದರಲ್ಲೂ ಒಟ್ಟು ಗಾತ್ರ 3 ಸೆಂ.ಮೀ. ಮೀರಬಾರದು, ನುಗ್ಗಿದ ಭಾಗ 5 ಮಿ.ಮೀ. ಮೀರಬಾರದು. ಜತೆಗೆ ರಕ್ತನಾಳದೊಳಗೆ, ದುಗ್ಧನಾಳದೊಳಗೆ (ಲಿಂಫ್ ನಾಳ), ಶ್ವಾಸಕೋಶದ ಹೊದಿಕೆಯೊಳಗೆ ಹೊಕ್ಕಿರಬಾರದು. ಸತ್ತ ಅಂಗಾಂಶ ಇರಬಾರದು. ಇದರಲ್ಲಿ ಒಂದೇ ಒಂದು ತಪ್ಪಿದರೂ ಅದು ಪೂರ್ಣ ಪ್ರಮಾಣದ ಇನ್ವೇಸಿವ್ ಅಡಿನೋಕಾರ್ಸಿನೋಮ.

5 ಮಿ.ಮೀ. ಅಂದರೆ ಒಂದು ತೊಗರಿ ಕಾಳಿನಷ್ಟು. ಅಷ್ಟರ ಮೇಲೆ ಹೆಸರು ಬದಲಾಗುತ್ತದೆ.

ಸ್ಟೇಜ್ ಹೇಗೆ ಬರುತ್ತದೆ

ಟಿಎನ್‌ಎಂ ಪದ್ಧತಿಯಲ್ಲಿ ಟಿ ಅಂದರೆ ಗಂಟು, ಎನ್ ಅಂದರೆ ದುಗ್ಧಗ್ರಂಥಿ (ಲಿಂಫ್ ನೋಡ್), ಎಂ ಅಂದರೆ ದೂರಕ್ಕೆ ಹರಡಿದ್ದು. 2017ರ ಎಂಟನೇ ಆವೃತ್ತಿ ಟಿಯಲ್ಲಿ ಒಂದೊಂದು ಸೆಂಟಿಮೀಟರಿಗೂ ಗೆರೆ ಎಳೆಯಿತು. 1 ಸೆಂ.ಮೀ.ವರೆಗೆ ಟಿ1ಎ, 2ರವರೆಗೆ ಟಿ1ಬಿ, 3ರವರೆಗೆ ಟಿ1ಸಿ. 3 ದಾಟಿದರೆ ಟಿ2ಎ, 4 ದಾಟಿದರೆ ಟಿ2ಬಿ. ಗ್ರಂಥಿ ಮುಟ್ಟಿಲ್ಲ ಅಂದರೆ ಮೊದಲ ಮೂರು ಕ್ರಮವಾಗಿ ಹಂತ 1ಎ1, 1ಎ2, 1ಎ3. ಟಿ2ಎ ಆದರೆ 1ಬಿ. ಎಐಎಸ್‌ಗೆ ಹಂತ ಸೊನ್ನೆ, ಎಂಐಎಗೆ ಟಿ1ಎಂಐ ಅನ್ನುವ ತನ್ನದೇ ಗುರುತು, ಹಂತ 1ಎ1. ಒಂಬತ್ತನೇ ಆವೃತ್ತಿ 2025ರ ಜನವರಿಯಿಂದ ಜಾರಿಯಲ್ಲಿದೆ. ಅದರಲ್ಲಿ ಟಿ ಲೆಕ್ಕ ಮುಟ್ಟಿಲ್ಲ.

ಮುಖ್ಯವಾದದ್ದು ಇಲ್ಲಿದೆ. ಈ ಸೆಂಟಿಮೀಟರುಗಳನ್ನು ಯಾವುದರ ಮೇಲೆ ಎಣಿಸಬೇಕು? ಲೆಪಿಡಿಕ್ ಭಾಗ ಇರುವ ಗಂಟಿನಲ್ಲಿ ಸಿಟಿ ನೋಡುವಾಗ ಗಟ್ಟಿ ಭಾಗ ಮಾತ್ರ ಅಳೆಯಬೇಕು. ಸೂಕ್ಷ್ಮದರ್ಶಕದಲ್ಲಿ ನೋಡುವಾಗ ನುಗ್ಗಿದ ಭಾಗ ಮಾತ್ರ. ಒಟ್ಟು 2.8 ಸೆಂ.ಮೀ. ಗಂಟಿನಲ್ಲಿ ಗಟ್ಟಿ ಭಾಗ 0.9 ಸೆಂ.ಮೀ. ಇದ್ದರೆ ಅದು ಟಿ1ಸಿ ಅಲ್ಲ, ಟಿ1ಎ. ಎರಡು ಮೆಟ್ಟಿಲು ಕೆಳಗೆ. ಸ್ಕ್ಯಾನ್ ಆಧಾರದಲ್ಲಿ 1ಎ1 ಆದವರಲ್ಲಿ ಐದು ವರ್ಷ ದಾಟಿದವರು ಶೇ. 92. ಒಟ್ಟು ಗಾತ್ರವನ್ನೂ ಬರೆಯಬೇಕು, ಆದರೆ ಸ್ಟೇಜ್ ಅದರ ಮೇಲೆ ಅಲ್ಲ.

ಒಂದು ಹೊರತು ಇದೆ. ಲೋಳೆ ಸುರಿಸುವ ಮ್ಯೂಸಿನಸ್ ಬಗೆಗೆ ಈ ರಿಯಾಯಿತಿ ಇಲ್ಲ, ನುಗ್ಗುವ ಮ್ಯೂಸಿನಸ್ ಕ್ಯಾನ್ಸರಿಗೆ ಒಟ್ಟು ಗಾತ್ರವೇ ಲೆಕ್ಕ.

ಪೆಥಾಲಜಿ ಟೇಬಲ್ಲಿನ ಮೇಲೆ

ಸಿಟಿಯಲ್ಲಿ ಕಂಡ ಗಟ್ಟಿ ಭಾಗವೂ ಸೂಕ್ಷ್ಮದರ್ಶಕದಲ್ಲಿ ಸಿಗುವ ನುಗ್ಗಿದ ಭಾಗವೂ ಒಂದೇ ಅಂತ ತಿಳಿಯಬಾರದು. ಹತ್ತಿರ ಹತ್ತಿರ ಇರುತ್ತವೆ ಅಷ್ಟೇ. ಗಾಯದ ಕಲೆ ಕೂಡ ಸಿಟಿಯಲ್ಲಿ ಗಟ್ಟಿಯಾಗಿ ಕಾಣಬಹುದು. ಗಾಳಿ ಇಳಿದು ಮುದುರಿದ ಶ್ವಾಸಕೋಶವೂ ಹಾಗೇ ಕಾಣಬಹುದು.

ಪೆಥಾಲಜಿಸ್ಟ್ ಕೆಲಸವಂತೂ ಇನ್ನೂ ನಾಜೂಕು. ತೆಗೆದ ಶ್ವಾಸಕೋಶದ ತುಂಡು ಫಾರ್ಮಲಿನ್‌ನಲ್ಲಿ ಬರುತ್ತದೆ. ಗಾಳಿ ತುಂಬಿದ್ದ ಅಂಗ ಈಗ ಜೋತುಬಿದ್ದಿರುತ್ತದೆ, ಅಳತೆ ಕುಗ್ಗಿರುತ್ತದೆ. ಅದನ್ನು ತೆಳುವಾಗಿ ಹೋಳು ಮಾಡಿ, ಗಂಟಿನ ಪ್ರತಿ ಹೋಳನ್ನೂ ಮೇಣದಲ್ಲಿ ಕೂರಿಸಿ, ಗಾಜಿನ ಮೇಲೆ ತಂದು ನೋಡಬೇಕು. ಎಐಎಸ್ ಅಥವಾ ಎಂಐಎ ಅಂತ ಬರೆಯಬೇಕಾದರೆ ಗಂಟು ಪೂರ್ತಿ ನೋಡಿರಲೇಬೇಕು. ನಾಲ್ಕು ಹೋಳು ನೋಡಿ ಐದನೆಯದನ್ನು ಬಿಟ್ಟರೆ ಅದರಲ್ಲೇ 6 ಮಿ.ಮೀ. ನುಗ್ಗಿದ ಜಾಗ ಇರಬಹುದು.

ನುಗ್ಗಿದ ಜಾಗ ಒಂದೇ ಕಡೆ ಇದ್ದರೆ ಸ್ಕೇಲ್ ಇಟ್ಟು ಅಳೆಯಬಹುದು. ಚದುರಿ ಹೋಗಿದ್ದರೆ? ಆಗ ಒಂದು ಅಂದಾಜು ವಿಧಾನ. ಗಂಟಿನಲ್ಲಿ ಶೇಕಡ ಎಷ್ಟು ಭಾಗ ನುಗ್ಗಿದ ಬಗೆಯದು ಅಂತ ನೋಡಿ, ಒಟ್ಟು ಅಳತೆಗೆ ಗುಣಿಸುವುದು. 2.4 ಸೆಂ.ಮೀ. ಗಂಟಿನಲ್ಲಿ ಶೇ. 25 ಅಂದರೆ 0.6 ಸೆಂ.ಮೀ. ಎಂಐಎ ಗೆರೆ ದಾಟಿ ಟಿ1ಎಗೆ ಬಂತು. ಇನ್ನೊಬ್ಬ ಪೆಥಾಲಜಿಸ್ಟ್ ಅದೇ ಗಾಜು ನೋಡಿ ಶೇ. 20 ಅಂದರೆ 0.48, ಎಂಐಎ ಒಳಗೇ ಉಳಿಯಿತು. ಇದರಲ್ಲಿ ಮೋಸ ಏನೂ ಇಲ್ಲ. ಮುದುರಿದ ಗಾಳಿಚೀಲ ನೋಡುವುದಕ್ಕೆ ನುಗ್ಗಿದ ಕ್ಯಾನ್ಸರಿನಂತೆಯೇ ಕಾಣುವುದರಿಂದ ಪಳಗಿದವರ ನಡುವೆಯೂ ಭಿನ್ನಾಭಿಪ್ರಾಯ ಬರುತ್ತದೆ. ಚೀಲದ ಗೋಡೆಯ ಸ್ಥಿತಿಸ್ಥಾಪಕ ಎಳೆಗಳನ್ನು ಕಪ್ಪಾಗಿ ತೋರಿಸುವ ಬಣ್ಣ ಹಾಕಿದರೆ ಸ್ವಲ್ಪ ಸಹಾಯ ಆಗುತ್ತದೆ. ಗೋಡೆ ಹಾಗೇ ಇದ್ದರೆ ಅದು ಹಬ್ಬಿದ್ದು, ಮುರಿದಿದ್ದರೆ ನುಗ್ಗಿದ್ದು.

ಇದರಿಂದ ಇನ್ನೊಂದು ಮಾತು ತಾನಾಗಿ ಹೊರಡುತ್ತದೆ. ಸೂಜಿ ಹಾಕಿ ತೆಗೆದ ಬಯಾಪ್ಸಿಯಲ್ಲಿ ಎಐಎಸ್ ಅಂತ ಹೇಳಲು ಬರುವುದಿಲ್ಲ. ಸೂಜಿಗೆ ಸಿಕ್ಕಿದ್ದು ದಾರದಂಥ ತುಂಡು. ಅದರಲ್ಲಿ ಬರೀ ಹಬ್ಬಿದ ಬಗೆ ಕಂಡರೆ, ಲೆಪಿಡಿಕ್ ಬಗೆಯ ಅಡಿನೋಕಾರ್ಸಿನೋಮ, ನುಗ್ಗಿದ ಭಾಗ ಬೇರೆಡೆ ಇರಬಹುದು ಅಂತ ಬರೆಯುವುದೇ ಸರಿಯಾದ ಪದ್ಧತಿ. "ಬಯಾಪ್ಸಿಯೊಳಗ ಕ್ಯಾನ್ಸರ್ ಅಂತ ಬರದಾರ, ಆದ್ರ ಸ್ಟೇಜ್ ಬರದಿಲ್ಲ" ಅಂತ ಸಿಟ್ಟಾಗುವವರಿಗೆ ಕಾರಣ ಇದು.

ಅಳತೆಯ ಆಚೆಗೂ ಕೆಲವು ಸಂಗತಿ ರಿಪೋರ್ಟಿನಲ್ಲಿ ಇರುತ್ತವೆ. ಗಂಟು ಎಷ್ಟು ಸಣ್ಣದಿದ್ದರೂ ಶ್ವಾಸಕೋಶದ ಹೊದಿಕೆಯ ಸ್ಥಿತಿಸ್ಥಾಪಕ ಎಳೆಗಳ ಪದರ ದಾಟಿದರೆ ಸೀದಾ ಟಿ2ಎ, ಅಂದರೆ 1ಬಿ. ನುಗ್ಗಿದ ಭಾಗ ಯಾವ ಬಗೆಯದು ಅನ್ನೋದೂ ಮುಖ್ಯ. 2020ರ ಗ್ರೇಡಿಂಗ್ ಪ್ರಕಾರ ಸಾಲಿಡ್, ಮೈಕ್ರೋಪ್ಯಾಪಿಲರಿಯಂಥ ಕೆಟ್ಟ ಬಗೆಗಳು ಶೇ. 20 ಅಥವಾ ಹೆಚ್ಚಿದ್ದರೆ, ಉಳಿದದ್ದು ಏನೇ ಇರಲಿ, ಗ್ರೇಡ್ 3, ಅಂದರೆ ಎಲ್ಲಕ್ಕಿಂತ ಕೆಟ್ಟದ್ದು. ಗಂಟಿನಿಂದ ಕಳಚಿದ ಜೀವಕೋಶಗಳು ಪಕ್ಕದ ಗಾಳಿಚೀಲಗಳಲ್ಲಿ ತೇಲುತ್ತಾ ಕಂಡರೆ ಅದನ್ನು ಸ್ಟಾಸ್ ಅಂತ ಬರೆಯುತ್ತಾರೆ. ಮರುಕಳಿಸುವ ಅಪಾಯ ಹೆಚ್ಚು ಅನ್ನುವುದರ ಸೂಚನೆ ಅದು. ಟಿ ಲೆಕ್ಕದಲ್ಲಿ ಮಾತ್ರ ಒಂಬತ್ತನೇ ಆವೃತ್ತಿಯಲ್ಲೂ ಅದಕ್ಕೆ ಜಾಗ ಸಿಕ್ಕಿಲ್ಲ.

ನಮ್ಮ ಮೂರು ಜಿಲ್ಲೆಗಳಲ್ಲಿ

ಈಗ ನಮ್ಮ ನೆಲಕ್ಕೆ ಬರೋಣ. ಇಲ್ಲಿ ಎದೆಯ ಸಿಟಿಯಲ್ಲಿ ಕಲೆ ಕಾಣುವುದಕ್ಕೆ ಕ್ಯಾನ್ಸರ್ ಬಿಟ್ಟು ನೂರೆಂಟು ಕಾರಣ. ಹಳೇ ಟಿಬಿಯ ಗುರುತು ಎಷ್ಟೋ ಜನರಲ್ಲಿ ಇದೆ. ಇಳಕಲ್ ಸುತ್ತಿನ ಗ್ರಾನೈಟ್ ಕ್ವಾರಿಗಳಲ್ಲಿ, ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಿ ದುಡಿದವರ ಎದೆಯಲ್ಲಿ ಸಿಲಿಕಾ ಧೂಳಿನ ಗಂಟುಗಳು ಇರಬಹುದು. ಸಿಲಿಕಾ ಧೂಳು ತಾನೇ ಕ್ಯಾನ್ಸರ್ ತರುವಂಥದ್ದು ಅಂತ 1997ರಲ್ಲೇ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮೊದಲ ಗುಂಪಿಗೆ ಸೇರಿಸಿದೆ. ನಿಪ್ಪಾಣಿಯ ತಂಬಾಕು, ಬೀಡಿ ಗೊತ್ತಿದ್ದದ್ದೇ. ಇನ್ನು ಬೀಡಿ ಮುಟ್ಟದ ಹೆಂಗಸರು. ವರ್ಷಗಟ್ಟಲೆ ಸೌದೆ ಒಲೆಯ ಮುಂದೆ ಕೂತು ರೊಟ್ಟಿ ಬಡಿದವರು. ಸೌದೆ, ಬೆರಣಿಯ ಹೊಗೆ ಕ್ಯಾನ್ಸರಿಗೆ ಬಹುಶಃ ಕಾರಣ ಅಂತ ಅದೇ ಸಂಸ್ಥೆ ಹೇಳಿದೆ. ಹೊಗೆಬತ್ತಿ ಸೇದದವರಲ್ಲಿ ಬರುವ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಾಗಿ ಅಡಿನೋಕಾರ್ಸಿನೋಮವೇ. "ನಮ್ಮವ್ವ ಎಲಿ ಅಡಿಕಿ ಸುದ್ದಾ ತಿಂದಾಕಿ ಅಲ್ಲ" ಅನ್ನುವ ಮಾತಿನಿಂದ ಅದನ್ನು ತಳ್ಳಿಹಾಕಲು ಬರುವುದಿಲ್ಲ.

ಕೋವಿಡ್ ಕಾಲದಲ್ಲಿ ಎದೆಯ ಸಿಟಿ ಮನೆಮಾತಾಯಿತು. ಆಗ ಮಾಡಿಸಿದ ಸ್ಕ್ಯಾನುಗಳಲ್ಲಿ ಸೋಂಕಿನ ಮಸುಕು ಕಲೆಗಳ ನಡುವೆ ಬೇರೆ ಸಣ್ಣ ಗಂಟುಗಳೂ ಕಾಣಿಸಿಕೊಂಡವು. ಮಸುಕು ಕಲೆ ಎಷ್ಟೋ ಸಲ ಸೋಂಕಿನದ್ದೇ ಇರುತ್ತದೆ, ಕೆಲವು ತಿಂಗಳಲ್ಲಿ ತಾನಾಗಿ ಮಾಯವಾಗುತ್ತದೆ. ಆದ್ದರಿಂದಲೇ ಮೊದಲ ಸ್ಕ್ಯಾನ್ ನೋಡಿ ಆಪರೇಷನ್ ಮಾಡುವುದಿಲ್ಲ. ಎದೆಯ ಸ್ಕ್ಯಾನ್ ತಜ್ಞರ ಅಂತರರಾಷ್ಟ್ರೀಯ ಸಂಘ ಫ್ಲೈಶ್ನರ್ ಸೊಸೈಟಿಯ 2017ರ ಸಲಹೆ ಹೀಗಿದೆ. ಆಕಸ್ಮಿಕವಾಗಿ ಕಂಡ ಪೂರ್ತಿ ಮಸುಕು ಗಂಟು 6 ಮಿ.ಮೀ. ಅಥವಾ ಮೇಲಿದ್ದರೆ 6ರಿಂದ 12 ತಿಂಗಳಲ್ಲಿ ಇನ್ನೊಂದು ಸಿಟಿ. ಹಾಗೇ ಉಳಿದಿದ್ದರೆ ಎರಡು ವರ್ಷಕ್ಕೊಂದು ಸಲ, ಒಟ್ಟು ಐದು ವರ್ಷ. ಗಟ್ಟಿ ಭಾಗ ಸೇರಿದ ಗಂಟಾದರೆ 3ರಿಂದ 6 ತಿಂಗಳಲ್ಲೇ ನೋಡಬೇಕು. ಗಟ್ಟಿ ಭಾಗ 6 ಮಿ.ಮೀ. ಅಥವಾ ಮೇಲಿದ್ದು, ಹಾಗೇ ಉಳಿದರೆ ಅನುಮಾನ ಜೋರು.

ಐದು ವರ್ಷ ಕಾಯುವುದಾ ಅಂತ ಗಾಬರಿ ಬೇಡ. ಪೂರ್ತಿ ಮಸುಕು ಗಂಟುಗಳು ಬಲು ನಿಧಾನ. ದುಪ್ಪಟ್ಟಾಗಲು ವರ್ಷಗಳೇ ಹಿಡಿಯುತ್ತವೆ. ಅದರಲ್ಲಿ ಗಟ್ಟಿ ಚುಕ್ಕೆ ಹುಟ್ಟುತ್ತದಾ, ಹುಟ್ಟಿದ್ದು ಬೆಳೆಯುತ್ತದಾ ಅನ್ನೋದನ್ನು ನೋಡುವುದೇ ಈ ಕಾಯುವಿಕೆ. ಇಂಥ ಗಂಟಿಗೆ ಅವಸರಪಟ್ಟು ಪೆಟ್ ಸ್ಕ್ಯಾನ್ (ಚುರುಕಾಗಿ ಸಕ್ಕರೆ ಹೀರುವ ಜಾಗ ಹೊಳೆಯುವಂತೆ ತೋರಿಸುವ ಸ್ಕ್ಯಾನ್) ಮಾಡಿಸುವುದರಲ್ಲೂ ಅಂಥ ಉಪಯೋಗ ಇಲ್ಲ. ಪೂರ್ತಿ ಮಸುಕು ಗಂಟು ಪೆಟ್‌ನಲ್ಲಿ ಹೆಚ್ಚಾಗಿ ಹೊಳೆಯುವುದೇ ಇಲ್ಲ, ಹೊಳೆಯಲಿಲ್ಲ ಅಂದ ಮಾತ್ರಕ್ಕೆ ಕ್ಯಾನ್ಸರ್ ಅಲ್ಲ ಅಂತಲೂ ಆಗುವುದಿಲ್ಲ.

ಆದರೆ ಹೋಲಿಸಿ ನೋಡಲು ಹಳೇ ಸ್ಕ್ಯಾನ್ ಬೇಕಲ್ವಾ? ಇಲ್ಲೇ ನಮ್ಮ ಕಡೆ ಎಡವಟ್ಟು. ಸ್ಕ್ಯಾನ್ ಸೆಂಟರಿನಿಂದ ಒಂದು ದೊಡ್ಡ ಲಕೋಟೆಯಲ್ಲಿ ಫಿಲಂ ಕೊಡುತ್ತಾರೆ. ಅದರಲ್ಲಿ ಪುಟ್ಟ ಪುಟ್ಟ ಚೌಕಗಳಲ್ಲಿ ಆಯ್ದ ಚಿತ್ರಗಳು, ಹೆಚ್ಚಾಗಿ 5 ಮಿ.ಮೀ. ದಪ್ಪದ ಪದರಗಳು. ಅದರ ಮೇಲೆ ಯಾರೂ ಮತ್ತೆ ಅಳತೆ ಮಾಡಲಾರರು. ದಪ್ಪ ಪದರದಲ್ಲಿ ಇನ್ನೊಂದು ತೊಂದರೆ, 4 ಮಿ.ಮೀ. ಗಟ್ಟಿ ಚುಕ್ಕೆ ಸುತ್ತಲಿನ ಗಾಳಿಯ ಜತೆ ಕಲಸಿ ಮಸುಕಾಗಿಯೇ ಕಾಣಬಹುದು. ಎರಡನೆಯ ಅಳತೆ ಬೇಕು ಅಂದರೆ 1ರಿಂದ 1.5 ಮಿ.ಮೀ. ಪದರಗಳು ಬೇಕು, ಅವೂ ಕಂಪ್ಯೂಟರಿನಲ್ಲಿ ತೆರೆಯುವ ಡೈಕಾಮ್ ರೂಪದಲ್ಲಿ. ಸಿಡಿ ಅಥವಾ ಪೆನ್‌ಡ್ರೈವ್ ಕೇಳಿ ಪಡೆಯಿರಿ. ನಮ್ಮ ಕಡೆಯವರು ಇವತ್ತು ವಿಜಯಪುರದಲ್ಲಿ ತೋರಿಸಿದರೆ ನಾಳೆ ಮಿರಜ, ನಾಡಿದ್ದು ಹುಬ್ಬಳ್ಳಿ, ಆಮೇಲೆ ಮುಂಬೈ. ಹೋದ ಕಡೆಯೆಲ್ಲ ಹೊಸ ಸ್ಕ್ಯಾನ್ ಆಗುತ್ತದೆ, ಹಳೆಯದರ ಜತೆ ಹೋಲಿಕೆ ಮಾತ್ರ ಆಗುವುದಿಲ್ಲ. ಈ ರೋಗದಲ್ಲಿ ಒಂದು ಹೊಸ ಸ್ಕ್ಯಾನಿಗಿಂತ ಎರಡು ವರ್ಷದ ಹಿಂದಿನ ಹಳೇ ಸಿಡಿ ಹೆಚ್ಚು ಹೇಳಬಲ್ಲದು.

ಟಿಬಿ ವಿಷಯ ಬೇರೆ, ಅದು ಇನ್ನೂ ತೂಕದ್ದು. ಗಟ್ಟಿ ಗಂಟು ಕಂಡಾಗ "ಟಿಬಿ ಇರಬೇಕು, ಗುಳಿಗೆ ಶುರು ಮಾಡೋಣ" ಅನ್ನುವುದು ಇಲ್ಲಿ ಸಹಜ. ಟಿಬಿ ನಿಜವಾಗಿಯೂ ಜಾಸ್ತಿ ಇರುವ ಕಡೆ ಅದು ತಪ್ಪೂ ಅಲ್ಲ. ಆದರೆ ಕಫದ ಟ್ರೂನ್ಯಾಟ್ ಅಥವಾ ಸಿಬಿನ್ಯಾಟ್ ಪರೀಕ್ಷೆಯಲ್ಲಿ ಏನೂ ಬರದೆ, ಜ್ವರವೂ ಇಲ್ಲದೆ, ಒಂದೇ ಒಂಟಿ ಗಂಟು, ಅಂಚು ಮುಳ್ಳುಮುಳ್ಳಾಗಿದ್ದರೆ ಅನುಮಾನ ಬರಬೇಕು. ಮೊದಲ ಎರಡು ತಿಂಗಳ ಗುಳಿಗೆ ಮುಗಿದಾಗಲಾದರೂ ಇನ್ನೊಂದು ಸ್ಕ್ಯಾನ್ ಆಗಬೇಕು. ಗಂಟು ಕರಗಿಲ್ಲ ಅಂದರೆ ಬಯಾಪ್ಸಿ. ಆರು ತಿಂಗಳ ಕೋರ್ಸ್ ಮುಗಿಸಿ, ಇನ್ನೂ ಮೂರು ತಿಂಗಳು ಮುಂದುವರಿಸಿ, ಆಮೇಲೆ ಕೆಮ್ಮಿನಲ್ಲಿ ರಕ್ತ ಬಂದಾಗ ಪತ್ತೆಯಾದರೆ ಈ ಮಿಲಿಮೀಟರು ಲೆಕ್ಕವೆಲ್ಲ ದಂಡ. ಭಾರತದಲ್ಲಿ ಶ್ವಾಸಕೋಶದ ಕ್ಯಾನ್ಸರ್ ಬಹುಪಾಲು ಮೂರು, ನಾಲ್ಕನೇ ಹಂತದಲ್ಲಿ ಪತ್ತೆಯಾಗುವುದಕ್ಕೆ ಇದೂ ಒಂದು ಕಾರಣ.

ಹಾಗಾದರೆ ಎಲ್ಲರಿಗೂ ಸಿಟಿ ಮಾಡಿಸಿಬಿಡೋಣವೇ? ಬೇಡ ಅಂತ ನನ್ನ ಅಭಿಪ್ರಾಯ. ಅಮೆರಿಕದ 53,454 ಜನರ ಅಧ್ಯಯನ 2011ರಲ್ಲಿ ತೋರಿಸಿದ್ದು, ಜಾಸ್ತಿ ಸೇದುವವರಲ್ಲಿ ಕಡಿಮೆ ಡೋಸಿನ ಸಿಟಿ ಮಾಡಿದರೆ ಶ್ವಾಸಕೋಶದ ಕ್ಯಾನ್ಸರಿನ ಸಾವು ಶೇ. 20 ಇಳಿಯುತ್ತದೆ ಅಂತ. ಒಳ್ಳೆಯದೇ. ಆದರೆ ಅದೇ ಅಧ್ಯಯನದಲ್ಲಿ ಅನುಮಾನ ಬಂದ ಸ್ಕ್ಯಾನುಗಳಲ್ಲಿ ಶೇ. 96ಕ್ಕೂ ಹೆಚ್ಚು ಕ್ಯಾನ್ಸರ್ ಆಗಿರಲಿಲ್ಲ. ಟಿಬಿ ಕಲೆಗಳ ನಾಡಿನಲ್ಲಿ ಆ ಗೊಂದಲ ಇನ್ನೂ ಹೆಚ್ಚುತ್ತದೆ. ತೈವಾನಿನಲ್ಲಿ ಸೇದದ ಹೆಂಗಸರಿಗೂ ಸ್ಕ್ಯಾನ್ ಮಾಡುವ ರೂಢಿ ಬೆಳೆಯಿತು. 2004ರಿಂದ 2018ರ ನಡುವೆ ಹೆಂಗಸರಲ್ಲಿ ಸೊನ್ನೆ ಮತ್ತು ಒಂದನೇ ಹಂತದ ಕ್ಯಾನ್ಸರ್ ಆರು ಪಟ್ಟಿಗೂ ಮೀರಿ ಏರಿತು. ಮುಂದುವರಿದ ಹಂತದಲ್ಲಿ ಪತ್ತೆಯಾಗುವವರ ಸಂಖ್ಯೆ ಇಳಿಯಲಿಲ್ಲ. ಜೀವಮಾನದಲ್ಲಿ ತೊಂದರೆ ಕೊಡದೇ ಇರುತ್ತಿದ್ದ ಮಸುಕು ಗಂಟುಗಳಿಗೂ ಕತ್ತರಿ ಬಿತ್ತು ಅಂತಲೇ ಇದನ್ನು ಓದಬೇಕಾಗುತ್ತದೆ. ಮಸುಕು ಗಂಟಿಗೆ ಅವಸರ ಮಾಡುವುದು, ಗಟ್ಟಿ ಗಂಟಿಗೆ ತಡ ಮಾಡುವುದು, ಎರಡೂ ತಪ್ಪು. ನಮ್ಮ ಜಿಲ್ಲೆಗಳಲ್ಲಿ ಸದ್ಯಕ್ಕೆ ಎರಡನೆಯದೇ ದೊಡ್ಡದು.

ಎಷ್ಟು ಕತ್ತರಿಸಬೇಕು

1995ರ ಪ್ರಶ್ನೆಗೆ ಹೊಸ ಉತ್ತರ ಬಂದದ್ದು ಮೊನ್ನೆ ಮೊನ್ನೆ. ಬಲ ಶ್ವಾಸಕೋಶಕ್ಕೆ ಮೂರು ಹಾಲೆ, ಎಡಕ್ಕೆ ಎರಡು. ಪ್ರತಿ ಹಾಲೆಯೊಳಗೆ ಸಣ್ಣ ಸಣ್ಣ ಸೆಗ್ಮೆಂಟುಗಳು. ಜಪಾನಿನ ಅಧ್ಯಯನವೊಂದರಲ್ಲಿ 2 ಸೆಂ.ಮೀ.ವರೆಗಿನ, ಅರ್ಧಕ್ಕಿಂತ ಜಾಸ್ತಿ ಗಟ್ಟಿ ಭಾಗ ಇರುವ ಗಂಟುಗಳ 1,106 ರೋಗಿಗಳನ್ನು ತೆಗೆದುಕೊಂಡರು. ಅರ್ಧ ಜನರಿಗೆ ಹಾಲೆ, ಅರ್ಧ ಜನರಿಗೆ ಸೆಗ್ಮೆಂಟ್ ತೆಗೆದರು. 2022ರಲ್ಲಿ ಫಲಿತಾಂಶ ಬಂತು. ಸೆಗ್ಮೆಂಟ್ ಮಾತ್ರ ತೆಗೆದವರಲ್ಲಿ ಐದು ವರ್ಷ ಬದುಕಿದವರು ಶೇ. 94.3, ಹಾಲೆ ತೆಗೆದವರಲ್ಲಿ ಶೇ. 91.1. ಅದೇ ಜಾಗದಲ್ಲಿ ಮರುಕಳಿಸುವುದು ಸೆಗ್ಮೆಂಟ್ ಗುಂಪಿನಲ್ಲಿ ದುಪ್ಪಟ್ಟಿತ್ತು, ಶೇ. 10.5. ಆದರೂ ಬದುಕಿದವರು ಜಾಸ್ತಿ. ಉಳಿಸಿಕೊಂಡ ಶ್ವಾಸಕೋಶ ಮುಂದೆ ಬೇರೆ ಕಾಯಿಲೆ ಬಂದಾಗ ಕೈಹಿಡಿಯಿತು ಅನ್ನುವುದು ಒಂದು ವಿವರಣೆ. 2023ರಲ್ಲಿ ಅಮೆರಿಕದ 697 ರೋಗಿಗಳ ಅಧ್ಯಯನವೂ 2 ಸೆಂ.ಮೀ. ಒಳಗಿನ ಗಂಟಿಗೆ ಸಣ್ಣ ತುಂಡು ತೆಗೆದರೂ ನಷ್ಟ ಇಲ್ಲ ಅಂತ ತೋರಿಸಿತು. ಅವರು ದುಗ್ಧಗ್ರಂಥಿ ತೆಗೆದು, ಅದರಲ್ಲಿ ಕ್ಯಾನ್ಸರ್ ಇಲ್ಲ ಅಂತ ಖಾತ್ರಿ ಮಾಡಿಕೊಂಡ ಮೇಲೇ ಹಾಗೆ ಮಾಡಿದ್ದು.

ಇನ್ನು 2 ಸೆಂ.ಮೀ. ಒಳಗಿದ್ದು, ಗಟ್ಟಿ ಭಾಗ ಕಾಲು ಪಾಲಿಗಿಂತ ಹೆಚ್ಚಿಲ್ಲದ ಗಂಟುಗಳು. ಇವಕ್ಕೆ ಜಪಾನಿನಲ್ಲೇ ಹೆಚ್ಚಾಗಿ ಸಣ್ಣ ಬೆಣೆಯಾಕಾರದ ತುಂಡು ಮಾತ್ರ ತೆಗೆದು ನೋಡಿದರು. ಐದು ವರ್ಷದಲ್ಲಿ ಕ್ಯಾನ್ಸರ್ ಮರುಕಳಿಸದೆ ಉಳಿದವರು ಶೇ. 99.7. ಎರಡನೆಯ ಅಳತೆ ಗೊತ್ತಿಲ್ಲದೆ ಇಂಥ ರೋಗಿಗೆ ಇಡೀ ಹಾಲೆ ತೆಗೆದರೆ ಅದು ಮತ್ತೆ ಬೆಳೆಯುವ ಅಂಗ ಅಲ್ಲ.

ಗುಳಿಗೆಯೂ ಈ ಲೆಕ್ಕದ ಮೇಲೇ ನಿಂತಿದೆ. ಇಜಿಎಫ್‌ಆರ್ ಅನ್ನುವ ಜೀನ್‌ನಲ್ಲಿ ಬದಲಾವಣೆ ಇರುವ ಕ್ಯಾನ್ಸರ್ ಏಷ್ಯಾದವರಲ್ಲಿ, ಅದರಲ್ಲೂ ಸೇದದ ಹೆಂಗಸರಲ್ಲಿ, ಹೆಚ್ಚು. ಆಪರೇಷನ್ ಆದ ಮೇಲೆ ಮೂರು ವರ್ಷ ಈ ಬದಲಾವಣೆಗೆಂದೇ ಇರುವ ಓಸಿಮರ್ಟಿನಿಬ್ ಗುಳಿಗೆ ಕೊಟ್ಟಾಗ ಐದು ವರ್ಷ ಬದುಕಿದವರ ಪ್ರಮಾಣ ಶೇ. 78ರಿಂದ 88ಕ್ಕೆ ಏರಿತು ಅಂತ 2023ರಲ್ಲಿ ಗೊತ್ತಾಯಿತು. ಆದರೆ ಆ ಅಧ್ಯಯನದಲ್ಲಿ ಇದ್ದವರು ಹಂತ 1ಬಿಯಿಂದ 3ಎವರೆಗಿನವರು. ಹಂತ 1ಎಗೆ ಅದು ಅನ್ವಯಿಸುವುದಿಲ್ಲ. ಒಟ್ಟು 3.4 ಸೆಂ.ಮೀ. ಗಂಟು, ನುಗ್ಗಿದ ಭಾಗ 1.6 ಅಂತಿದ್ದರೆ ಅದು 1ಎ2. ಒಟ್ಟು ಗಾತ್ರ ಹಿಡಿದು 1ಬಿ ಅಂತ ಬರೆದರೆ ಆ ರೋಗಿ ಮೂರು ವರ್ಷ ದುಬಾರಿ ಗುಳಿಗೆ ನುಂಗಬೇಕಾದೀತು. ಹೊಲ ಒತ್ತೆ ಇಟ್ಟು ಔಷಧ ತರುವ ಮನೆಗೆ ಇದು ಸಣ್ಣ ವ್ಯತ್ಯಾಸ ಅಲ್ಲ.

ಕೊನೆಗೆ, ಜನರನ್ನು ವಿನಾಕಾರಣ ಹೆದರಿಸುವ ಒಂದು ಸಂಗತಿ. ಕೆಲವರಲ್ಲಿ ಮಸುಕು ಗಂಟು ಒಂದಲ್ಲ, ಮೂರು ನಾಲ್ಕು ಇರುತ್ತವೆ. ಎರಡೂ ಶ್ವಾಸಕೋಶಗಳಲ್ಲಿ ಇರುತ್ತವೆ. ರಿಪೋರ್ಟ್ ಓದಿದ ಸಂಬಂಧಿಕರು "ಎರಡೂ ಕಡೆ ಹರಡೇತಿ, ನಾಲ್ಕನೇ ಸ್ಟೇಜ್" ಅಂತ ಅತ್ತುಬಿಡುತ್ತಾರೆ. ಗಟ್ಟಿ ಗಂಟುಗಳು ಎರಡೂ ಕಡೆ ಇದ್ದರೆ ಆ ಭಯಕ್ಕೆ ಅರ್ಥ ಇದೆ. ಲೆಪಿಡಿಕ್ ಬಗೆಯ ಮಸುಕು ಗಂಟುಗಳು ಮಾತ್ರ ಹಾಗೆ ಒಂದರಿಂದ ಒಂದಕ್ಕೆ ಹರಡಿದವಲ್ಲ, ತಾವಾಗಿಯೇ ಬೇರೆ ಬೇರೆ ಹುಟ್ಟಿದವು. ಎಂಟನೇ ಆವೃತ್ತಿಯಿಂದ ಇದಕ್ಕೆ ಸ್ಪಷ್ಟ ನಿಯಮ ಇದೆ. ಅವುಗಳಲ್ಲಿ ಎಲ್ಲಕ್ಕಿಂತ ಮೇಲಿನ ಟಿ ಯಾವುದೋ ಅದನ್ನು ಬರೆದು, ಪಕ್ಕದಲ್ಲಿ ಎಷ್ಟು ಗಂಟು ಅನ್ನುವ ಸಂಖ್ಯೆ ಹಾಕಬೇಕು. ದುಗ್ಧಗ್ರಂಥಿಗೆ ಒಂದೇ ಎನ್, ದೂರದ ಹರಡುವಿಕೆಗೆ ಒಂದೇ ಎಂ. ಇಂಥ ನಾಲ್ಕು ಗಂಟುಗಳಲ್ಲಿ ಅತಿ ದೊಡ್ಡ ಗಟ್ಟಿ ಭಾಗ 0.8 ಸೆಂ.ಮೀ. ಇದ್ದು, ಬೇರೆಲ್ಲೂ ಏನೂ ಇಲ್ಲದಿದ್ದರೆ ಆ ರೋಗಿ ಇರುವುದು ಹಂತ 1ಎ1ರಲ್ಲಿ. ಡಾಕ್ಟರು ಗಟ್ಟಿ ಭಾಗ ಇರುವುದನ್ನು ತೆಗೆದು, ಉಳಿದ ಮೂರನ್ನು ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಸಿಟಿಯಲ್ಲಿ ನೋಡುತ್ತಾ ಹೋಗಬಹುದು.